ವರ್ಷದ ಓದಿನ ಲೆಕ್ಕ: ನೋಟ್‌ಬುಕ್ಕೋ, ಶೀಟೋ, ಗುಡ್‌ರೀಡ್ಸೋ?

ಜನವರಿಯಲ್ಲಿ ಓದಿನ ಲೆಕ್ಕ ಶುರು ಮಾಡಿದವರು ಮಾರ್ಚ್ ಹೊತ್ತಿಗೆ ಕೈಬಿಟ್ಟರೆ ದೂರು ಸೋಮಾರಿತನದ ಮೇಲೆ ಹೋಗುತ್ತದೆ. ಕನ್ನಡ ಓದುಗರ ವಿಷಯದಲ್ಲಿ ಇದು ಅರ್ಧ ಮಾತ್ರ ನಿಜ. ಓದಿ ಮುಗಿಸಿದ ಪುಸ್ತಕ ಆ್ಯಪಿನಲ್ಲಿ ಸಿಗುವುದೇ ಇಲ್ಲ. ಸಿಕ್ಕರೆ ಮೂರು ಬೇರೆ ಬೇರೆ ಸ್ಪೆಲ್ಲಿಂಗಿನಲ್ಲಿ ಮೂರು ಸಲ ಸಿಗುತ್ತದೆ, ಒಂದಕ್ಕೂ ಮುಖಪುಟ ಇರುವುದಿಲ್ಲ, ಪುಟಗಳ ಜಾಗ ಖಾಲಿ. ಎರಡು ಸಲ ಹೀಗಾದರೆ ಮೂರನೆಯ ಪುಸ್ತಕ ಸೇರಿಸಲು ಯಾರಿಗೂ ಉಮೇದು ಉಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಸಿಗುವ ಹೋಲಿಕೆ ಪಟ್ಟಿಗಳು ಈ ತೊಂದರೆಯ ಸುದ್ದಿಗೇ ಹೋಗುವುದಿಲ್ಲ.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದದ್ದು: ನೀವು ವರ್ಷಕ್ಕೆ ಓದುವುದರಲ್ಲಿ ಕನ್ನಡ ಪುಸ್ತಕ ಎಷ್ಟು? ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆಯಾದರೆ ಗುಡ್‌ರೀಡ್ಸ್ ಅಥವಾ ಸ್ಟೋರಿಗ್ರಾಫ್‌ನಂಥ ಓದಿನ ಲೆಕ್ಕದ ಜಾಲತಾಣ ಸಾಕು. ಅರ್ಧಕ್ಕಿಂತ ಹೆಚ್ಚಾದರೆ ಮೂಲ ದಾಖಲೆ ನಿಮ್ಮದೇ ಸ್ಪ್ರೆಡ್‌ಶೀಟಿನಲ್ಲಿ ಇರಲಿ, ಜಾಲತಾಣಗಳನ್ನು ಹಂಚಿಕೊಳ್ಳಲು ಮಾತ್ರ ಬಳಸಿ. ಓದಿದ್ದರ ಜೊತೆಗೆ ಮನೆಯ ಕಪಾಟಿನಲ್ಲಿರುವ ಪುಸ್ತಕಗಳ ಪಟ್ಟಿಯೂ ಆಗಬೇಕು ಎನ್ನುವವರಿಗೆ ಲೈಬ್ರರಿಥಿಂಗ್ ಎಂಬ ತಾಣ. ಓದುವಾಗ ಫೋನ್ ಹತ್ತಿರ ಇರಬಾರದು ಎನ್ನುವವರಿಗೆ ನೋಟ್‌ಬುಕ್ಕಿಗಿಂತ ಒಳ್ಳೆಯದು ಇನ್ನೂ ಬಂದಿಲ್ಲ. ನಡುವೆ ಇರುವವರು ಮುಂದೆ ಓದಿ ತೀರ್ಮಾನಿಸಬಹುದು.

ಮೊದಲು ಹಕ್ಕುಗಳ ಪುಟ ತೆರೆಯಿರಿ

ಯಾವ ಸಾಧನ ಆರಿಸಿದರೂ ಮಾಹಿತಿ ಬರುವುದು ಒಂದೇ ಜಾಗದಿಂದ: ಶೀರ್ಷಿಕೆ ಪುಟದ ಹಿಂಬದಿ. ಕನ್ನಡ ಪುಸ್ತಕಗಳಲ್ಲಿ ಈ ಪುಟ ಸಾಮಾನ್ಯವಾಗಿ ಬಹಳ ಉದಾರಿ. ಮೊದಲ ಮುದ್ರಣದ ವರ್ಷ, ಈಗಿನ ಮುದ್ರಣ, ಪ್ರತಿಗಳು, ಪುಟಗಳು, ಬೆಲೆ, ಡೆಮಿ 1/8 ಎಂಬ ಆಕಾರ, 70 ಜಿಎಸ್‌ಎಂ ಮ್ಯಾಪ್‌ಲಿಥೋ ಎಂಬ ಕಾಗದದ ವಿವರ ಕೂಡ ಇರುತ್ತದೆ. ಎಲ್ಲಕ್ಕಿಂತ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಇರುತ್ತದೆ: ಪುಸ್ತಕದ ಹೆಸರು, ಇಂಥವರು ಬರೆದ ಕನ್ನಡ ಕಾದಂಬರಿ, ಇಂಥ ಪ್ರಕಾಶನ. ರೋಮನ್ ಲಿಪಿಯಲ್ಲಿ ಹೆಸರು ಬರೆಯಬೇಕಾದಾಗ ಆ ಸಾಲಿನ ಸ್ಪೆಲ್ಲಿಂಗನ್ನೇ ನಕಲು ಮಾಡಿ. ಅದು ಶಾಸ್ತ್ರಬದ್ಧವಾಗಿ ಇರಲಿಕ್ಕಿಲ್ಲ, ಆದರೆ ಅಂಗಡಿಗಳು, ಆನ್‌ಲೈನ್ ಮಾರಾಟಗಾರರು ನಕಲು ಮಾಡುವುದೂ ಅದನ್ನೇ. ನೀವು ಹೊಸದಾಗಿ ಒಂದು ಸ್ಪೆಲ್ಲಿಂಗ್ ಹುಟ್ಟಿಸಿದರೆ ನಾಳೆ ನಿಮಗೇ ಸಿಗುವುದಿಲ್ಲ.

ಪುಟಸಂಖ್ಯೆಯನ್ನು 12+240 ಎಂದು ಮುದ್ರಿಸಿರುತ್ತಾರೆ. ಮೊದಲನೆಯದು ಮುನ್ನುಡಿ, ಅರಿಕೆಗಳದ್ದು, ಎರಡನೆಯದು ಪಠ್ಯದ್ದು. ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತೀರಿ ಎಂದು ಒಮ್ಮೆ ತೀರ್ಮಾನಿಸಿ ಅದಕ್ಕೇ ಅಂಟಿಕೊಳ್ಳಿ. ಪಠ್ಯದ ಪುಟ ಮಾತ್ರ ಎಣಿಸುವುದು ನಮ್ಮ ಪಕ್ಷ. ಹಾಗೆಂದು ಮುನ್ನುಡಿ ಬಿಟ್ಟು ಓದಿ ಎಂದು ಅರ್ಥವಲ್ಲ.

ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಇದ್ದರೆ ಬರೆದುಕೊಳ್ಳಿ. 2007ರ ಜನವರಿ 1ರಿಂದ ಈ ಸಂಖ್ಯೆ 13 ಅಂಕಿಯದು. ಭಾರತದ ಪುಸ್ತಕಗಳಲ್ಲಿ 978-81 ಅಥವಾ 978-93 ಎಂದು ಶುರುವಾಗುತ್ತದೆ. ಅದಕ್ಕೂ ಹಿಂದಿನವು 10 ಅಂಕಿಯವು. 1970ಕ್ಕಿಂತ ಮೊದಲು ಈ ಪದ್ಧತಿಯ ಅಂತರರಾಷ್ಟ್ರೀಯ ಮಾನಕವೇ ಇರಲಿಲ್ಲ, ಆಮೇಲೂ ಕನ್ನಡದ ಸಣ್ಣ ಪ್ರಕಾಶನಗಳು ಅದನ್ನು ತಕ್ಷಣ ಹಾಕಿಸಲಿಲ್ಲ. ಹಾಗಾಗಿ ಹಳೆಯ ಪುಸ್ತಕದಂಗಡಿಯಿಂದ ತಂದದ್ದರಲ್ಲಿ ಸಂಖ್ಯೆ ಹುಡುಕಿ ಹೊತ್ತು ಕಳೆಯಬೇಡಿ. 10 ಅಂಕಿಯದನ್ನು 13ಕ್ಕೆ ತರಲು ಮುಂದೆ 978 ಸೇರಿಸಿದರೆ ಸಾಲದು, ಕೊನೆಯ ಅಂಕಿಯೂ ಬದಲಾಗುತ್ತದೆ. ಮೊದಲ 12 ಅಂಕಿಗಳನ್ನು ಸರದಿಯಂತೆ 1, 3, 1, 3ರಿಂದ ಗುಣಿಸಿ ಕೂಡಿಸಿ. ಆ ಮೊತ್ತಕ್ಕೆ ಎಷ್ಟು ಸೇರಿಸಿದರೆ ಹತ್ತರ ಗುಣಕ ಆಗುತ್ತದೋ ಅದೇ ಕೊನೆಯ ಅಂಕಿ. ಮುದ್ರಣದಲ್ಲೇ ಸಂಖ್ಯೆ ತಪ್ಪಿದೆಯೇ ಎಂದು ಹಿಡಿಯಲೂ ಇದೇ ಲೆಕ್ಕ ಸಾಕು.

ನೋಟ್‌ಬುಕ್

200 ಪುಟದ, ಹೊಲಿಗೆ ಹಾಕಿದ, ಗೆರೆಯ ಪುಸ್ತಕ ಒಂದು ಸಾಕು. ಸ್ಪೈರಲ್ ಬೇಡ, ಹಾಳೆ ಕಿತ್ತು ಬರುತ್ತದೆ. ಬಂದ ಪುಸ್ತಕಗಳನ್ನು ಕ್ರಮಸಂಖ್ಯೆ ಹಾಕಿ ಬರೆದಿಡಲು ಗ್ರಂಥಾಲಯಗಳು ಇಡುವ ಅಕ್ಸೆಷನ್ ರಿಜಿಸ್ಟರಿನ ಮಾದರಿ ಇಲ್ಲಿ ಚೆನ್ನಾಗಿ ಒಗ್ಗುತ್ತದೆ. ಮೊದಲ ಆರು ಹಾಳೆಗಳಲ್ಲಿ ಪುಸ್ತಕಕ್ಕೊಂದು ಸಾಲು: ಕ್ರಮಸಂಖ್ಯೆ, ಮುಗಿಸಿದ ದಿನ, ಹೆಸರು, ಲೇಖಕರು, ಪುಟ. ಉಳಿದ ಹಾಳೆಗಳಲ್ಲಿ ಅದೇ ಕ್ರಮಸಂಖ್ಯೆ ಹಾಕಿ ಟಿಪ್ಪಣಿ. ಪುಸ್ತಕಕ್ಕೆ ಒಂದು ಪುಟ ಎಂದು ಮೊದಲೇ ಹಂಚಿಡಬೇಡಿ. ಕೆಲವು ಪುಸ್ತಕಕ್ಕೆ ಎರಡು ಸಾಲೂ ಹೆಚ್ಚು, ಇನ್ನು ಕೆಲವಕ್ಕೆ ಐದು ಪುಟ ಸಾಲದು. ಖಾಲಿ ಉಳಿದ ಪುಟಗಳು ನೋಡಿದಾಗಲೆಲ್ಲ ಚುಚ್ಚುತ್ತವೆ, ಅಲ್ಲಿಗೆ ಬರೆಯುವುದು ನಿಲ್ಲುತ್ತದೆ.

ನೋಟ್‌ಬುಕ್ಕಿನ ದೌರ್ಬಲ್ಯ ಡಿಸೆಂಬರಿನಲ್ಲಿ ಗೊತ್ತಾಗುತ್ತದೆ. "ಈ ವರ್ಷ ಅನುವಾದ ಎಷ್ಟು ಓದಿದೆ?" ಎಂಬ ಪ್ರಶ್ನೆಗೆ ಬೆರಳಿಟ್ಟು ಎಣಿಸಬೇಕು. ವರ್ಷಕ್ಕೆ 30 ಪುಸ್ತಕದವರೆಗೆ ಇದು ತೊಂದರೆಯೇ ಅಲ್ಲ. ಅದು ದಾಟಿದರೆ, ಅಥವಾ ಹಲವು ವರ್ಷಗಳ ಲೆಕ್ಕ ಒಟ್ಟು ಬೇಕಾದರೆ, ಸಾಲುಗಳಿರುವ ಹಾಳೆಗಳ ಫೋಟೋವನ್ನು ತಿಂಗಳಿಗೊಮ್ಮೆ ತೆಗೆದಿಟ್ಟುಕೊಂಡು ಬಿಡುವಿನಲ್ಲಿ ಶೀಟಿಗೆ ಏರಿಸಿ.

ಸ್ಪ್ರೆಡ್‌ಶೀಟ್: ಕನ್ನಡ ಓದುಗರಿಗೆ ನಮ್ಮ ಮೊದಲ ಆಯ್ಕೆ

ಗೂಗಲ್ ಶೀಟ್ಸ್ ಇರಲಿ, ಎಕ್ಸೆಲ್ ಇರಲಿ, ಲಿಬ್ರೆಆಫೀಸ್ ಇರಲಿ, ಪುಸ್ತಕ ಯಾವುದೋ ಕಂಪನಿಯ ದತ್ತಾಂಶದಲ್ಲಿ ಇದೆಯೇ ಇಲ್ಲವೇ ಎಂಬ ಗೊಡವೆ ಇಲ್ಲಿಲ್ಲ. 1950ರ ದಶಕದ ಹೊದಿಕೆ ಹರಿದ ಪುಸ್ತಕಕ್ಕೂ ಮೊನ್ನೆ ಬಿಡುಗಡೆಯಾದದ್ದಕ್ಕೂ ಒಂದೇ ಸಾಲು, ಒಂದೇ ಮರ್ಯಾದೆ.

ಕಾಲಂಗಳು ಹನ್ನೆರಡು ಇದ್ದರೆ ಸಾಕು: ಕನ್ನಡದಲ್ಲಿ ಹೆಸರು, ರೋಮನ್ ಹೆಸರು, ಲೇಖಕರು, ಅನುವಾದಕರು, ಮೂಲ ಭಾಷೆ, ಪ್ರಕಾರ, ಪ್ರಕಾಶಕರು ಮತ್ತು ವರ್ಷ, ಪುಟ, ಆರಂಭದ ದಿನ, ಮುಗಿಸಿದ ದಿನ, ಸ್ಥಿತಿ (ಓದುತ್ತಿರುವುದೋ, ಮುಗಿದದ್ದೋ, ಬಿಟ್ಟದ್ದೋ), ಎಲ್ಲಿಂದ ಬಂತು. ಕೊನೆಯದಕ್ಕೆ ಕೊಂಡದ್ದು, ಗ್ರಂಥಾಲಯ, ಕಡ, ಉಡುಗೊರೆ ಎಂದು ನಾಲ್ಕೇ ಉತ್ತರ ಇರಲಿ, ಕಡವಾದರೆ ಕೊಟ್ಟವರ ಹೆಸರೂ ಜೊತೆಗಿರಲಿ. ಕಡ ತಂದ ಪುಸ್ತಕ ಯಾರದು ಎಂದು ಮರೆತುಹೋಗದಿರಲು ಈ ಒಂದು ಕಾಲಂ ಇಡೀ ಶೀಟಿನ ಬೆಲೆ ತೀರಿಸುತ್ತದೆ. ಅನುವಾದಕರ ಕಾಲಂ ಬಿಡಬೇಡಿ. ಕನ್ನಡದಲ್ಲಿ ಓದುವ ಬಂಗಾಳಿ, ಮರಾಠಿ, ರಷ್ಯನ್ ಪುಸ್ತಕಗಳೆಲ್ಲ ಒಬ್ಬರು ಕೂತು ಅನುವಾದಿಸಿದ ಕಾರಣ ಸಿಕ್ಕಿದವು. ಎರಡು ವರ್ಷದ ಮೇಲೆ ನೋಡಿದರೆ ನೀವು ಕೆಲವು ಅನುವಾದಕರನ್ನು ಲೇಖಕರಷ್ಟೇ ನಂಬಿ ಕೊಳ್ಳುತ್ತಿದ್ದೀರಿ ಎಂಬುದು ಆ ಕಾಲಮ್ಮಿನಿಂದಲೇ ತಿಳಿಯುವುದು.

ಶೀಟ್ ಕೆಡುವುದು ಸಣ್ಣ ಸಂಗತಿಗಳಿಂದ. ಮುಖ್ಯವಾದವು ಇವು.

ದಿನಾಂಕ. ಹೊಸ ಶೀಟಿನ ಲೊಕೇಲ್ (ಯಾವ ದೇಶದ ರೂಢಿ ಎಂಬ ಸೆಟ್ಟಿಂಗ್) ಅಮೆರಿಕದ್ದಾಗಿದ್ದರೆ 03/04 ಎಂದು ಹಾಕಿದ್ದು ಏಪ್ರಿಲ್ 3ರ ಬದಲು ಮಾರ್ಚ್ 4 ಆಗುತ್ತದೆ. 25/04 ಎಂದು ಹಾಕಿದರೆ ದಿನಾಂಕ ಎಂದೇ ಗುರುತು ಸಿಗದೆ ಬರೀ ಪಠ್ಯವಾಗಿ ಕೂರುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಫೈಲ್ ಮೆನು, ಸೆಟ್ಟಿಂಗ್ಸ್, ಲೊಕೇಲ್‌ಗೆ ಹೋಗಿ ಇಂಡಿಯಾ ಎಂದು ಮಾಡಿ. ನೋಡಿದ ಕೂಡಲೇ ಗುರುತಿಸುವ ಉಪಾಯ: ನಿಜವಾದ ದಿನಾಂಕ ಕೋಶದ ಬಲಕ್ಕೆ ಅಂಟಿಕೊಳ್ಳುತ್ತದೆ, ಪಠ್ಯ ಎಡಕ್ಕೆ.

ಅಂಕಿ. ಕೀಬೋರ್ಡ್ ಕನ್ನಡ ಅಂಕಿ ಕೊಡುತ್ತಿದ್ದರೆ ೨೪೦ ಎಂಬುದನ್ನು ಶೀಟ್ ಸಂಖ್ಯೆ ಎಂದು ತಿಳಿಯದೆ ಪಠ್ಯವಾಗಿ ಇಟ್ಟುಕೊಳ್ಳುತ್ತದೆ. ಮೊತ್ತ ಹಾಕಿದಾಗ ಆ ಪುಸ್ತಕ ಲೆಕ್ಕದಿಂದ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಪುಟ, ದಿನಾಂಕಗಳಿಗೆ 240 ಎಂದೇ ಹಾಕಿ. ಐಎಸ್‌ಬಿಎನ್ ಕಾಲಂ ಸೇರಿಸುವವರು ಅದನ್ನು ಮೊದಲೇ ಪ್ಲೇನ್ ಟೆಕ್ಸ್ಟ್ ಮಾಡಿಡಿ. ಇಲ್ಲವಾದರೆ ಎಕ್ಸೆಲ್ 13 ಅಂಕಿಯನ್ನು 9.78ರ ಮುಂದೆ ಹತ್ತರ ಘಾತ ಹಾಕಿ ತೋರಿಸುತ್ತದೆ, 10 ಅಂಕಿಯದರಲ್ಲಿ ಮುಂದಿನ ಸೊನ್ನೆ ಇದ್ದರೆ ನುಂಗಿಹಾಕುತ್ತದೆ.

ಹೆಸರು. ಹೆಚ್ಚು ಕಾಡುವುದು ಇದೇ. "ಯು.ಆರ್.ಅನಂತಮೂರ್ತಿ", "ಯು. ಆರ್. ಅನಂತಮೂರ್ತಿ", "ಅನಂತಮೂರ್ತಿ ಯು.ಆರ್." ಇವು ಮೂರೂ ಶೀಟಿನ ಕಣ್ಣಿಗೆ ಮೂವರು ಲೇಖಕರು. ಕಾವ್ಯನಾಮ ಇನ್ನೂ ಕಠಿಣ: ಕುವೆಂಪು ಎಂದೋ, ಕೆ.ವಿ. ಪುಟ್ಟಪ್ಪ ಎಂದೋ? ಜನ ಕರೆಯುವ ಹೆಸರನ್ನೇ ಇಟ್ಟುಕೊಳ್ಳಿ, ಇನಿಷಿಯಲ್ ಮೊದಲು, ಚುಕ್ಕಿಯ ನಂತರ ಒಂದು ಜಾಗ ಎಂಬಂಥ ಒಂದು ನಿಯಮ ಮಾಡಿ. ಆಮೇಲೆ ಲೇಖಕರ ಹೆಸರುಗಳದ್ದೇ ಬೇರೆ ಟ್ಯಾಬ್ ಮಾಡಿ, ಡೇಟಾ ಮೆನುವಿನ ಡೇಟಾ ವ್ಯಾಲಿಡೇಷನ್ ಮೂಲಕ ಮುಖ್ಯ ಶೀಟಿನಲ್ಲಿ ಡ್ರಾಪ್‌ಡೌನ್ ಕೊಡಿ. ಹೊಸ ಲೇಖಕರು ಬಂದಾಗ ಮೊದಲು ಆ ಟ್ಯಾಬಿಗೆ ಸೇರಿಸಬೇಕಾಗುತ್ತದೆ, ಹತ್ತು ಸೆಕೆಂಡಿನ ಕೆಲಸ.

ಕಣ್ಣಿಗೆ ಕಾಣದ ಅಕ್ಷರ. ಯುನಿಕೋಡ್ ಕನ್ನಡದಲ್ಲಿ "ರಾಜ್‌ಕುಮಾರ್" ಎಂದು ಒತ್ತಕ್ಷರ ಆಗದಂತೆ ಬರೆಯಲು ನಡುವೆ ಅಗೋಚರವಾದ ಒಂದು ಚಿಹ್ನೆ ಕೂರುತ್ತದೆ. ಒಂದು ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಅರ್ಕಾವತ್ತು ಬರುವ ಪದಗಳಲ್ಲೂ ಇದೇ ಕಥೆ. ಹುಡುಕುವಾಗ ಇಡೀ ಪದ ಹಾಕದೆ, ಈ ತೊಡಕಿಲ್ಲದ ಒಂದು ತುಂಡು ಹಾಕಿ ಹುಡುಕಿದರೆ ಸಿಗುತ್ತದೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿಟ್ಟ ಪಟ್ಟಿ ನಿಮ್ಮಲ್ಲಿದ್ದರೆ ಅದನ್ನು ಯುನಿಕೋಡಿಗೆ ಪರಿವರ್ತಿಸಿಕೊಂಡ ಮೇಲೆಯೇ ಶೀಟಿಗೆ ತನ್ನಿ. ಹಾಗೇ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಸಿಗುತ್ತದೆ.

ಫೋನಿನಲ್ಲಿ ಶೀಟ್ ತೆರೆದು ಹನ್ನೆರಡು ಕಾಲಂ ತುಂಬುವುದು ಹಿಂಸೆ, ನಿಜ. ಅದಕ್ಕೆ ಗೂಗಲ್ ಫಾರ್ಮ್ ಒಂದು ಮಾಡಿ ಶೀಟಿಗೆ ಜೋಡಿಸಿ, ಅದರ ಕೊಂಡಿಯನ್ನು ಫೋನಿನ ಹೋಂ ಸ್ಕ್ರೀನಿಗೆ ಹಾಕಿಕೊಳ್ಳಿ. ಫಾರ್ಮಿನಲ್ಲಿ ಹೆಸರು, ಲೇಖಕರು, ಪುಟ, ಸ್ಥಿತಿ ಇಷ್ಟೇ ಕೇಳಿ. ಉಳಿದದ್ದನ್ನು ತಿಂಗಳ ಕೊನೆಗೆ ಕಂಪ್ಯೂಟರಿನಲ್ಲಿ ತುಂಬಬಹುದು. ಫಾರ್ಮ್ ತಾನಾಗಿ ಹಾಕುವ ಸಮಯಮುದ್ರೆಯನ್ನು ಮುಗಿಸಿದ ದಿನ ಎಂದುಕೊಳ್ಳಬೇಡಿ, ಅದು ನೀವು ತುಂಬಿದ ದಿನ.

ವರ್ಷಾಂತ್ಯದ ಲೆಕ್ಕಕ್ಕೆ ಸೂತ್ರ ಬರೆಯುವ ಅಗತ್ಯ ಇಲ್ಲ. ಇನ್ಸರ್ಟ್ ಮೆನುವಿನಲ್ಲಿ ಪಿವಟ್ ಟೇಬಲ್ ಆರಿಸಿ, ಸಾಲುಗಳಿಗೆ ಮೂಲ ಭಾಷೆ, ಮೌಲ್ಯಕ್ಕೆ ಹೆಸರು ಹಾಕಿದರೆ ಭಾಷೆವಾರು ಎಣಿಕೆ ಬರುತ್ತದೆ. ಸಾಲುಗಳಿಗೆ ಮುಗಿಸಿದ ದಿನ ಹಾಕಿ, ಅದರ ಮೇಲೆ ಬಲ ಕ್ಲಿಕ್ ಮಾಡಿ ವರ್ಷ-ತಿಂಗಳು ಎಂದು ಗುಂಪು ಮಾಡಿದರೆ ಯಾವ ತಿಂಗಳು ಓದು ಸೊರಗಿತ್ತು ಎಂಬುದೂ ಕಾಣುತ್ತದೆ.

ಗುಡ್‌ರೀಡ್ಸ್

2007ರಲ್ಲಿ ಶುರುವಾಗಿ 2013ರಲ್ಲಿ ಅಮೆಜಾನ್ ಕೈಗೆ ಬಂದ ಈ ತಾಣದ ದೊಡ್ಡ ಬಲ ಜನ. ನಿಮ್ಮ ಪರಿಚಯದ ಓದುಗರು ಎಲ್ಲಾದರೂ ಇದ್ದರೆ ಇಲ್ಲಿ ಇರುತ್ತಾರೆ. ಜನವರಿಯಲ್ಲಿ ರೀಡಿಂಗ್ ಚಾಲೆಂಜ್‌ಗೆ ಒಂದು ಸಂಖ್ಯೆ ಕೊಟ್ಟರೆ ವರ್ಷವಿಡೀ ಎಷ್ಟು ಮುಂದೆ, ಎಷ್ಟು ಹಿಂದೆ ಎಂದು ಹೇಳುತ್ತಿರುತ್ತದೆ. ಕಿಂಡಲ್‌ನಲ್ಲಿ ಓದುವವರಿಗೆ ಓದಿನ ಪ್ರಗತಿ ನೇರವಾಗಿ ಬಂದು ಸೇರುವ ಅನುಕೂಲವೂ ಇದೆ.

ಇಲ್ಲಿ ಪುಸ್ತಕದ ದಾಖಲೆಗಳು ಬರುವುದು ಮಾರಾಟದ ಮಾಹಿತಿಯಿಂದ ಮತ್ತು ಸದಸ್ಯರ ಶ್ರಮದಿಂದ. ಪುಸ್ತಕಕ್ಕೆ ಐಎಸ್‌ಬಿಎನ್ ಸಿಕ್ಕ ಮಾತ್ರಕ್ಕೆ ಅದು ತಾನಾಗಿ ಇಲ್ಲಿ ಬಂದು ಕೂರುವುದಿಲ್ಲ. ಮೇಳದಲ್ಲಿ, ಅಂಗಡಿಯಲ್ಲಿ, ಪ್ರಕಾಶಕರಿಗೆ ಫೋನ್ ಮಾಡಿ ಕೊಳ್ಳುವ ಕನ್ನಡ ಪುಸ್ತಕಗಳು ಕಾಣೆಯಾಗುವುದು ಅದಕ್ಕೇ. ಹುಡುಕುವ ಕ್ರಮ ಹೀಗಿರಲಿ: ಮೊದಲು ಐಎಸ್‌ಬಿಎನ್, ಆಮೇಲೆ ಕನ್ನಡ ಲಿಪಿಯಲ್ಲಿ ಹೆಸರು, ಆಮೇಲೆ ಹಕ್ಕುಗಳ ಪುಟದ ರೋಮನ್ ಹೆಸರು, ಕೊನೆಗೆ ಲೇಖಕರ ಪುಟ ತೆರೆದು ಅವರ ಪಟ್ಟಿ. ನಾಲ್ಕೂ ಕಡೆ ಇಲ್ಲವಾದರೆ ಮಾತ್ರ ಹೊಸ ದಾಖಲೆಯ ಯೋಚನೆ. ಆತುರಪಟ್ಟು ಸೇರಿಸಿದರೆ ಅದೇ ಪುಸ್ತಕದ ನಾಲ್ಕನೆಯ ಅವತಾರ ಹುಟ್ಟುತ್ತದೆ. ಇರುವ ದಾಖಲೆಯ ತಪ್ಪು ತಿದ್ದುವುದು, ಒಂದೇ ಕೃತಿಯ ಎರಡು ದಾಖಲೆಗಳನ್ನು ಜೋಡಿಸುವುದು ಲೈಬ್ರೇರಿಯನ್ ಎಂಬ ಸ್ವಯಂಸೇವಕರ ಕೆಲಸ. ಅವರ ಗುಂಪಿನಲ್ಲಿ ಕೊಂಡಿ ಸಮೇತ ವಿನಂತಿ ಹಾಕಬೇಕು. ಕನ್ನಡ ಬಲ್ಲವರ ಕಣ್ಣಿಗೆ ಬೀಳುವವರೆಗೆ ತಡವಾಗಬಹುದು, ಆದ್ದರಿಂದ ಯಾವುದು ಸರಿ, ಯಾಕೆ ಸರಿ ಎಂದು ಇಂಗ್ಲಿಷಿನಲ್ಲೇ ಬಿಡಿಸಿ ಬರೆಯಿರಿ.

ಒಂದು ಕೃತಿಯ ಎಲ್ಲ ಆವೃತ್ತಿಗಳೂ ಅನುವಾದಗಳೂ ಇಲ್ಲಿ ಒಂದೇ ಕಟ್ಟಿಗೆ ಸೇರುತ್ತವೆ, ರೇಟಿಂಗ್ ಕೂಡ ಒಟ್ಟಾಗುತ್ತದೆ. ಅಂದರೆ ಕನ್ನಡ ಕಾದಂಬರಿಗೆ ಇಂಗ್ಲಿಷ್ ಅನುವಾದ ಬಂದು ಹೆಸರಾದರೆ, ಮೂಲದ ಪುಟದಲ್ಲಿ ನೀವು ಕಾಣುವ ನಕ್ಷತ್ರಗಳು ಬಹುಪಾಲು ಅನುವಾದ ಓದಿದವರವು. ಅದನ್ನು ನೋಡಿ ಕನ್ನಡ ಮೂಲದ ಬೆಲೆ ಕಟ್ಟಬೇಡಿ.

ನಕ್ಷತ್ರ ಇಡಿಯಾಗಿಯೇ ಕೊಡಬೇಕು, ಮೂರೂವರೆ ಇಲ್ಲ. ಚಾಲೆಂಜ್ ಲೆಕ್ಕ ತಪ್ಪಿದರೆ ಮೊದಲು ನೋಡಬೇಕಾದದ್ದು ಮುಗಿಸಿದ ದಿನ. ಆ ದಿನಾಂಕ ಖಾಲಿ ಇದ್ದರೆ ಪುಸ್ತಕ ಆ ವರ್ಷದ ಎಣಿಕೆಗೆ ಬರುವುದಿಲ್ಲ. ಉಲ್ಟಾ ತೊಂದರೆಯೂ ಉಂಟು: ಹೊಸದಾಗಿ ಸೇರಿದವರು ಹಿಂದೆಂದೋ ಓದಿದ ನೂರಾರು ಪುಸ್ತಕಗಳನ್ನು ಒಂದೇ ಸಂಜೆ ಸೇರಿಸುವಾಗ ದಿನಾಂಕದ ಜಾಗದಲ್ಲಿ ಇವತ್ತಿನದು ಕೂತುಬಿಟ್ಟರೆ, ವರ್ಷದ ಗುರಿ ಆ ಸಂಜೆಯೇ ಮುಗಿದಿರುತ್ತದೆ.

ಸ್ಟೋರಿಗ್ರಾಫ್

ನಾದಿಯಾ ಒಡುನಾಯೋ ಕಟ್ಟಿದ ಈ ತಾಣ ಅಂಕಿಅಂಶ ಇಷ್ಟಪಡುವವರದ್ದು. ಕಾಲು ನಕ್ಷತ್ರದವರೆಗೆ ರೇಟಿಂಗ್, ಅರ್ಧಕ್ಕೆ ಬಿಟ್ಟದ್ದಕ್ಕೆ ಪ್ರತ್ಯೇಕ ಸ್ಥಿತಿ, ಪುಸ್ತಕದ ಭಾವ ಮತ್ತು ವೇಗದ ಪಟ್ಟಿ, ತಿಂಗಳ ಕೊನೆಗೂ ವರ್ಷದ ಕೊನೆಗೂ ಹಂಚಿಕೊಳ್ಳಲು ಸಿದ್ಧವಾದ ಚಿತ್ರ. ಗುಡ್‌ರೀಡ್ಸ್‌ನಿಂದ ಇಳಿಸಿದ ಸಿಎಸ್‌ವಿ ಕಡತವನ್ನು (ಶೀಟಿನಲ್ಲೂ ತೆರೆಯುವ ಸರಳ ಪಟ್ಟಿ) ನೇರವಾಗಿ ಏರಿಸಬಹುದು. ದುಡ್ಡು ಕೊಡುವ ಯೋಜನೆ ಇದೆ, ಆದರೆ ವರ್ಷದ ಲೆಕ್ಕ ಇಡಲು ಅದರ ಅಗತ್ಯ ಬೀಳುವುದಿಲ್ಲ.

ಆ ಭಾವ, ವೇಗದ ಮಾಹಿತಿ ಓದುಗರು ತುಂಬಿದ್ದರಿಂದ ಹುಟ್ಟುವುದು. ಕನ್ನಡ ಪುಸ್ತಕಕ್ಕೆ ನೀವೇ ಮೊದಲ ಓದುಗರಾದರೆ ಚಾರ್ಟಿನಲ್ಲಿ ಕಾಣುವುದು ನಿಮ್ಮದೇ ಅಭಿಪ್ರಾಯ, ಬಿಟ್ಟರೆ ಖಾಲಿ. ಪುಟಸಂಖ್ಯೆ ಇಲ್ಲದ ಆವೃತ್ತಿ ಆರಿಸಿದರೆ ಪುಟಗಳ ಚಾರ್ಟ್ ಸುಳ್ಳು ಹೇಳುತ್ತದೆ. ಪುಸ್ತಕ ಸೇರಿಸಿದ ಕೂಡಲೇ ಆವೃತ್ತಿಗಳ ಪಟ್ಟಿ ತೆರೆದು ನಿಮ್ಮ ಕೈಲಿರುವುದನ್ನೇ ಆರಿಸಿಕೊಳ್ಳಿ, ಇಲ್ಲವಾದರೆ ಪುಟಸಂಖ್ಯೆ ಸಮೇತ ಹೊಸ ಆವೃತ್ತಿ ಹಾಕಿ. ಜನರ ಗದ್ದಲ ಇಲ್ಲಿ ಕಡಿಮೆ. ಕೆಲವರಿಗೆ ಅದೇ ಹಿತ.

ಲೈಬ್ರರಿಥಿಂಗ್

ಹಳೆಯದು, 2005ರದ್ದು. ನೋಡಲು ಚೆಂದವಿಲ್ಲ. ಹಿಂದೆ 200 ಪುಸ್ತಕ ದಾಟಿದರೆ ಶುಲ್ಕ ಇತ್ತು, 2020ರಿಂದ ಪೂರ್ತಿ ಉಚಿತ. ಕನ್ನಡ ಓದುಗರು ಇದನ್ನು ಕಡೆಗಣಿಸಿರುವುದು ನಷ್ಟ, ಏಕೆಂದರೆ ಇದು ಅಂಗಡಿಗಳ ಜೊತೆಗೆ ಗ್ರಂಥಾಲಯಗಳ ಕ್ಯಾಟಲಾಗುಗಳಿಂದಲೂ ಮಾಹಿತಿ ಎಳೆಯುತ್ತದೆ, ಅದರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ ಒಂದು. ಆ ಗ್ರಂಥಾಲಯ ತನ್ನ ದೆಹಲಿ ಕಚೇರಿಯ ಮೂಲಕ ದಶಕಗಳಿಂದ ಕನ್ನಡ ಪುಸ್ತಕ ಕೊಂಡು ಕ್ಯಾಟಲಾಗ್ ಮಾಡುತ್ತ ಬಂದಿದೆ. ಆನ್‌ಲೈನ್ ಅಂಗಡಿಯಲ್ಲಿ ಎಲ್ಲೂ ಸಿಗದ 1970ರ ದಶಕದ ಕಾದಂಬರಿ ಅಲ್ಲಿ ಪ್ರಕಾಶಕರು, ವರ್ಷ, ಪುಟಗಳ ಸಮೇತ ಸಿಕ್ಕೀತು.

ಹುಡುಕುವ ಬಗೆ ಮಾತ್ರ ಬೇರೆ. ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಕನ್ನಡ ಹೆಸರುಗಳು ಲಿಪ್ಯಂತರದ ನಿಯಮದಂತೆ ಇರುತ್ತವೆ: ದೀರ್ಘಕ್ಕೆ ಅಕ್ಷರದ ಮೇಲೆ ಗೆರೆ, ಟ-ಡ-ಣ-ಳಗಳಿಗೆ ಕೆಳಗೆ ಚುಕ್ಕಿ. ನೀವು ಗೆರೆ ಚುಕ್ಕಿಗಳನ್ನು ಹಾಕಬೇಕಾಗಿಲ್ಲ, ಆದರೆ ದೀರ್ಘಕ್ಕೆ ಎರಡು ಸ್ವರ ಹಾಕಿದರೆ ಸಿಗುವುದಿಲ್ಲ. ಕುವೆಂಪು ಅವರ ಕಾನೂರು ಕಾದಂಬರಿಯ ಹೆಸರಿಗೆ ಅಂಗಡಿಗಳು ಏನೇ ಸ್ಪೆಲ್ಲಿಂಗ್ ಹಾಕಲಿ, ಇಲ್ಲಿ ಕಾ ಎಂಬುದಕ್ಕೆ ಒಂದೇ ಸ್ವರ, ನೂ ಎಂಬುದಕ್ಕೂ ಒಂದೇ. ಹೆಸರಿನ ಒಂದು ಪದ, ಲೇಖಕರ ಒಂದು ಪದ ಸಾಕು. ಹೆಚ್ಚು ಹಾಕಿದಷ್ಟೂ ತಪ್ಪುವ ಸಂಭವ ಹೆಚ್ಚು. ಸಿಕ್ಕ ದಾಖಲೆಯನ್ನು ನಿಮ್ಮ ಪಟ್ಟಿಗೆ ಸೇರಿಸಿದ ಮೇಲೆ ಹೆಸರನ್ನು ಕನ್ನಡ ಲಿಪಿಗೆ ತಿದ್ದಿಕೊಳ್ಳಬಹುದು, ಅನುವಾದಕರು, ಸಂಪಾದಕರು ಎಂದು ಪಾತ್ರಗಳನ್ನೂ ನಮೂದಿಸಬಹುದು. ಹೊರದೇಶದಲ್ಲಿದ್ದು, ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಕನ್ನಡ ಪುಸ್ತಕ ತರುವವರಿಗಂತೂ ಇದೇ ಹತ್ತಿರದ ದಾರಿ.

ಬುಕ್‌ವರ್ಮ್ ಎಂದು ಕಿವಿಗೆ ಕೇಳುವ, ನಡುವೆ ಇಂಗ್ಲಿಷಿನ ವೈ ಅಕ್ಷರ ಹಾಕಿ ಬರೆಯುವ ಇನ್ನೊಂದು ತಂತ್ರಾಂಶ ಇದೆ. ಹಲವು ಸರ್ವರುಗಳಲ್ಲಿ ಹರಡಿಕೊಂಡಿದೆ, ಮ್ಯಾಸ್ಟೋಡಾನ್ ಎಂಬ ಸಾಮಾಜಿಕ ಜಾಲದಲ್ಲಿ ಇರುವವರು ಅಲ್ಲಿಂದಲೇ ನಿಮ್ಮ ಓದನ್ನು ಹಿಂಬಾಲಿಸಬಹುದು. ನಿಮ್ಮ ಬಳಗ ಆಗಲೇ ಅಲ್ಲಿದ್ದರೆ ಸೇರಿ. ಇಲ್ಲವಾದರೆ ಖಾಲಿ ಸಭಾಂಗಣದಲ್ಲಿ ಭಾಷಣ. ಸರ್ವರ್ ನಡೆಸುವವರು ನಿಲ್ಲಿಸಿದರೆ ಖಾತೆಯೂ ಹೋಗುತ್ತದೆ, ಕಡತ ಇಳಿಸಿಟ್ಟುಕೊಳ್ಳುವುದು ಇಲ್ಲಿ ಎಲ್ಲಕ್ಕಿಂತ ಮುಖ್ಯ.

ಏನನ್ನು ಎಣಿಸುವುದು

ಸಾಧನಕ್ಕಿಂತ ಹೆಚ್ಚು ಜಗಳ ಎಬ್ಬಿಸುವುದು ಇದು. 64 ಪುಟದ ಕವನ ಸಂಕಲನವೂ 700 ಪುಟದ ಕಾದಂಬರಿಯೂ ಒಂದೊಂದೇ ಎಣಿಕೆ ಆದರೆ, ನವೆಂಬರಿನಲ್ಲಿ ಗುರಿ ತಲುಪದವರು ತೆಳ್ಳಗಿನ ಪುಸ್ತಕಗಳನ್ನೇ ಹುಡುಕತೊಡಗುತ್ತಾರೆ. ಪುಸ್ತಕ ಮತ್ತು ಪುಟ ಎರಡನ್ನೂ ಇಟ್ಟರೆ ಆ ಚಪಲ ಕಡಿಮೆ. 24 ಪುಸ್ತಕ, ಸರಾಸರಿ 200 ಪುಟ ಎಂದರೆ 4,800 ಪುಟ, ದಿನಕ್ಕೆ ಸುಮಾರು 13. ಇದನ್ನು ನೋಡಿದರೆ ಗುರಿ ಅಷ್ಟೇನೂ ಭಯಂಕರವಲ್ಲ, 700 ಪುಟದ ಕಾದಂಬರಿಗೆ ಕೈಹಾಕಲು ಹಿಂಜರಿಕೆಯೂ ಇರುವುದಿಲ್ಲ. ಇ-ಪುಸ್ತಕದಲ್ಲಿ ಅಕ್ಷರದ ಗಾತ್ರ ಬದಲಿಸಿದರೆ ಪುಟಗಳೂ ಬದಲಾಗುತ್ತವೆ, ಹಾಗಾಗಿ ಮುದ್ರಿತ ಪ್ರತಿಯ ಸಂಖ್ಯೆ ಸಿಕ್ಕರೆ ಅದನ್ನೇ ಹಾಕಿ. ಕೇಳುಪುಸ್ತಕಕ್ಕೆ ಪುಟ ಊಹಿಸಬೇಡಿ, ನಿಮಿಷಗಳ ಕಾಲಂ ಬೇರೆ ಇರಲಿ.

ಮರುಓದು ಎಣಿಕೆಗೆ ಬರಲಿ, ಆದರೆ ಹೊಸ ಸಾಲಿನಲ್ಲಿ. ಹಳೆಯ ಸಾಲಿನ ದಿನಾಂಕ ಅಳಿಸಿ ಬರೆಯಬೇಡಿ. ಅರ್ಧಕ್ಕೆ ಬಿಟ್ಟದ್ದನ್ನೂ ಬರೆದು, ಎಷ್ಟನೆಯ ಪುಟದಲ್ಲಿ ಬಿಟ್ಟಿರಿ ಎಂದು ಸೇರಿಸಿ. ಸಮಗ್ರ ಸಂಪುಟ ಓದಿದರೆ? ಒಳಗಿನ ಕೃತಿಗಳು ಬಿಡಿಯಾಗಿಯೂ ಪ್ರಕಟವಾಗಿದ್ದರೆ ಬಿಡಿಬಿಡಿಯಾಗಿ ಎಣಿಸುವುದೇ ನ್ಯಾಯ. ಆಯ್ದ ಅನುವಾದದ್ದು ಬೇರೆ ಕಥೆ. 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಪಡೆದ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ದೀಪಾ ಭಾಸ್ತಿ ಆರಿಸಿ ಅನುವಾದಿಸಿದ 12 ಕಥೆಗಳ ಪುಸ್ತಕ. ಬೇರೆ ಬೇರೆ ಕಾಲದ ಕಥೆಗಳು ಅಲ್ಲಿ ಒಟ್ಟಾಗಿವೆ. ಕನ್ನಡದ ಯಾವುದೋ ಒಂದು ಸಂಕಲನವನ್ನು ಅದರ ಮೂಲ ಎಂದು ಜೋಡಿಸಿದರೆ ತಪ್ಪಾಗುತ್ತದೆ. ಕನ್ನಡದಲ್ಲಿ ಆ ಕಥೆಗಳಲ್ಲಿ ಕೆಲವನ್ನು ಓದಿದವರೂ ಇದನ್ನು ಹೊಸ ಪುಸ್ತಕವೆಂದೇ ಬರೆದುಕೊಳ್ಳಬೇಕು.

ಹಂಚಿಕೊಳ್ಳುವುದು

ವಾಟ್ಸ್‌ಆ್ಯಪ್ ಸ್ಟೇಟಸ್ ಮತ್ತು ಇನ್‌ಸ್ಟಾಗ್ರಾಂ ಸ್ಟೋರಿ 24 ಗಂಟೆಯಲ್ಲಿ ಮಾಯ. ಇನ್‌ಸ್ಟಾಗ್ರಾಂನಲ್ಲಿ ಹೈಲೈಟ್ ಮಾಡಿಟ್ಟರೆ ಉಳಿಯುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದು ಶುಭೋದಯಗಳ ಕೆಳಗೆ ಹೂತುಹೋಗುತ್ತದೆ. ಮತ್ತೆ ಹುಡುಕಲು ಆಗಬೇಕಾದರೆ ಟೆಲಿಗ್ರಾಂ ಚಾನೆಲ್ ಅಥವಾ ಫೇಸ್‌ಬುಕ್ ಪೋಸ್ಟು ವಾಸಿ, ಪ್ರತಿ ಪೋಸ್ಟಿಗೂ ವರ್ಷ ಸೇರಿದ ಒಂದೇ ಹ್ಯಾಶ್‌ಟ್ಯಾಗ್ ಇರಲಿ. ಹಿಂದೆ ಹೇಳಿದ ಅಗೋಚರ ಚಿಹ್ನೆ ಇರುವ ಪದ ಹ್ಯಾಶ್‌ಟ್ಯಾಗಿನಲ್ಲಿ ನಡುವೆಯೇ ತುಂಡಾಗಬಹುದು, ಸರಳ ಪದ ಆರಿಸಿ.

ಮುಖಪುಟಗಳ ಚಿತ್ರ ಮಾತ್ರ ಹಾಕಿ ಕೈತೊಳೆದುಕೊಳ್ಳಬೇಡಿ. ಚಿತ್ರದೊಳಗಿನ ಕನ್ನಡವನ್ನು ಹುಡುಕಲು ಬರುವುದಿಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದುವುದೂ ಇಲ್ಲ. ಕೆಳಗೆ ಪಠ್ಯದಲ್ಲಿ ಹೆಸರು, ಲೇಖಕರು, ಅನುವಾದಕರು, ಪ್ರಕಾಶನ, ಪುಟ, ಬೆಲೆ ಬರೆದು ಮೂರು ವಾಕ್ಯ ಸೇರಿಸಿ: ಏನು ಇದೆ, ಯಾರಿಗೆ ಹಿಡಿಸೀತು, ಎಲ್ಲಿ ಸೊರಗಿದೆ. ಪ್ರಕಾಶನ ಮತ್ತು ಬೆಲೆ ಬಿಟ್ಟರೆ ಮೊದಲ ಹತ್ತು ಕಾಮೆಂಟೂ "ಎಲ್ಲಿ ಸಿಗುತ್ತೆ ಸರ್?" ಎಂದೇ ಇರುತ್ತದೆ. ಇಷ್ಟವಾದ ಸಾಲುಗಳನ್ನು ಹಾಕಿ, ಆದರೆ ಪುಟಗಟ್ಟಲೆ ಫೋಟೋ ತೆಗೆದು ಹಾಕಬೇಡಿ. 1000 ಪ್ರತಿ ಮುದ್ರಿಸುವ ಪ್ರಕಾಶಕರಿಗೆ ಅದು ನೇರ ಪೆಟ್ಟು.

ಶೀಟನ್ನೇ ಹಂಚುವವರು ಒಂದು ವಿಷಯ ಗಮನಿಸಿ. ಟಿಪ್ಪಣಿ ಕಾಲಂ ಮರೆಮಾಡಿ, ನೋಡಲು ಮಾತ್ರ ಅನುಮತಿ ಕೊಟ್ಟರೂ, ನೋಡುವವರು ಶೀಟಿನ ನಕಲು ಮಾಡಿಕೊಂಡು ಆ ಕಾಲಂ ತೆರೆಯಬಹುದು. ಕಡ ಕೊಟ್ಟವರ ಹೆಸರು, ಪರಿಚಯದ ಲೇಖಕರ ಬಗ್ಗೆ ಖಾರವಾದ ಮಾತು ಇವೆಲ್ಲ ಇರುವ ಶೀಟ್ ನಿಮ್ಮಲ್ಲೇ ಇರಲಿ. ಬೇರೆ ಶೀಟ್ ತೆರೆದು ಇಂಪೋರ್ಟ್‌ರೇಂಜ್ ಸೂತ್ರದಿಂದ ಹೆಸರು, ಲೇಖಕರು, ದಿನಾಂಕದ ಕಾಲಂಗಳನ್ನಷ್ಟೇ ತಂದು ಅದನ್ನು ಹಂಚಿ. ಮೂಲದಲ್ಲಿ ಸಾಲು ಸೇರಿದಾಗ ಅಲ್ಲಿಯೂ ತಾನಾಗಿ ಸೇರುತ್ತದೆ.

ಒಂದರಿಂದ ಇನ್ನೊಂದಕ್ಕೆ

ನಡುವೆ ಮನಸ್ಸು ಬದಲಾದರೆ ಹೊರಬರುವ ದಾರಿ ಎಲ್ಲ ಕಡೆಯೂ ಇದೆ. ಗುಡ್‌ರೀಡ್ಸ್‌ನಲ್ಲಿ ಕಂಪ್ಯೂಟರಿನಿಂದ ಮೈ ಬುಕ್ಸ್ ಪುಟಕ್ಕೆ ಹೋಗಿ, ಎಡಗಡೆ ಕೆಳಗಿರುವ ಇಂಪೋರ್ಟ್ ಆ್ಯಂಡ್ ಎಕ್ಸ್‌ಪೋರ್ಟ್ ಒತ್ತಿದರೆ ಸಿಎಸ್‌ವಿ ಸಿಗುತ್ತದೆ. ಅದರಲ್ಲಿ ಮುಗಿಸಿದ ದಿನ ಇರುತ್ತದೆ, ಆರಂಭಿಸಿದ ದಿನ ಇರುವುದಿಲ್ಲ. ಮರುಓದಿನ ಬೇರೆ ಬೇರೆ ದಿನಾಂಕಗಳೂ ಬರುವುದಿಲ್ಲ. ಎಷ್ಟು ದಿನದಲ್ಲಿ ಓದಿದೆ ಎಂಬ ಲೆಕ್ಕ ನಿಮಗೆ ಮುಖ್ಯವಾದರೆ ಅದನ್ನು ಮೊದಲಿನಿಂದಲೇ ಶೀಟಿನಲ್ಲಿ ಇಟ್ಟುಕೊಳ್ಳದೆ ಬೇರೆ ದಾರಿಯಿಲ್ಲ. ಐಎಸ್‌ಬಿಎನ್ ಕಾಲಮ್ಮಿನಲ್ಲಿ ಸಂಖ್ಯೆಯ ಸುತ್ತ ಸಮಚಿಹ್ನೆ, ಉದ್ಧರಣ ಚಿಹ್ನೆ ಇರುತ್ತವೆ. ಎಕ್ಸೆಲ್ ಸೊನ್ನೆ ನುಂಗದಿರಲು ಮಾಡಿದ ಉಪಾಯ ಅದು, ಕಡತ ಕೆಟ್ಟಿದೆ ಎಂದುಕೊಂಡು ಅಳಿಸಬೇಡಿ.

ಆ ಸಿಎಸ್‌ವಿಯನ್ನು ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಂಡರೆ ಗಾಬರಿ ಬೇಡ, ಆದರೆ ಸೇವ್ ಮಾತ್ರ ಒತ್ತಬೇಡಿ; ಒತ್ತಿದರೆ ಕನ್ನಡ ಹಾಳಾಗಿಯೇ ಉಳಿದೀತು. ಮುಚ್ಚಿ, ಖಾಲಿ ಹಾಳೆ ತೆರೆದು, ಡೇಟಾ ಮೆನುವಿನ ಫ್ರಂ ಟೆಕ್ಸ್ಟ್/ಸಿಎಸ್‌ವಿ ಮೂಲಕ ಅದೇ ಕಡತ ಆರಿಸಿ, ಫೈಲ್ ಒರಿಜಿನ್ ಎಂಬಲ್ಲಿ 65001, ಯುನಿಕೋಡ್ ಯುಟಿಎಫ್-8 ಎಂದು ಕೊಡಿ. ಗೂಗಲ್ ಶೀಟ್ಸ್‌ನಲ್ಲಿ ಈ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ. ಜೂನ್ ಕೊನೆಗೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ ಹೀಗೆ ಇಳಿಸಿ, ಕಡತದ ಹೆಸರಿನಲ್ಲಿ ದಿನಾಂಕ ಹಾಕಿಡಿ.